ಮೇಸ್ತ್ರಿ ನೋಡಿದ ಹನ್ನೆರಡು ಭಾನುವಾರ

ಮೇಸ್ತ್ರಿ ನಮ್ಮ ಮನೆಯ ಟಿವಿ ಮುಂದೆ ಕೂತದ್ದು ಒಟ್ಟು ಹನ್ನೆರಡು ಭಾನುವಾರ. ಆ ಮರಗೆಲಸದ ಸ್ಪರ್ಧೆ ನಡೆದದ್ದು ಹದಿನಾಲ್ಕು ವಾರ. ಕೊನೆಗೆ ಯಾರು ಗೆದ್ದರು ಎಂಬುದು ನನ್ನ ದಿನಚರಿಯಲ್ಲಿ ಇಲ್ಲ. ಅವರು ಬರಲಿಲ್ಲ, ನಾವೂ ಟಿವಿ ಹಾಕಲಿಲ್ಲ.

ಜನವರಿ ಒಂಬತ್ತು, ಶುಕ್ರವಾರ, ಜುಮ್ಮಾ ನಮಾಜಿಗೆಂದು ಹೊರಟವರು ತಮ್ಮ ವರ್ಕ್‌ಶಾಪಿನ ಬಾಗಿಲಲ್ಲೇ ಕುಸಿದು ಕೂತರಂತೆ. ಆಸ್ಪತ್ರೆ ಮುಟ್ಟುವ ಮೊದಲೇ ಉಸಿರು ನಿಂತಿತ್ತು. ಅವರ ಬಗ್ಗೆ ಬರೆಯಬೇಕೆಂದು ಅಂದೇ ಅನ್ನಿಸಿತು. ಆದರೆ ಅವರು ಬಿಟ್ಟುಹೋದ ಕೆಲಸವೊಂದು ನನ್ನ ಕೈಯಲ್ಲಿ ಉಳಿದಿತ್ತು. ಅದನ್ನು ಮುಗಿಸಿ ಈಗ ಬರೆಯುತ್ತಿದ್ದೇನೆ.

ತುಮಕೂರಿನ ಗುಬ್ಬಿ ಗೇಟ್ ಹತ್ತಿರ ನಮ್ಮ ಓಣಿಯ ಮೂಲೆಯಲ್ಲಿ ಅವರ ವರ್ಕ್‌ಶಾಪು. ಅಮ್ಮನನ್ನು ಅಕ್ಕಾ ಎನ್ನುತ್ತಿದ್ದರು. ನಾನು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು ಎಂದು ಎಷ್ಟು ಸಲ ಹೇಳಿದರೂ ನನ್ನನ್ನು ಡಾಕ್ಟ್ರಮ್ಮ ಎಂದೇ ಕರೆಯುತ್ತಿದ್ದರು. ನಾನು ಎಲ್ಲವನ್ನೂ ತಾರೀಖು ಹಾಕಿ ಬರೆದಿಡುತ್ತೇನೆ ಎಂಬುದು ಅವರಿಗೆ ದೊಡ್ಡ ತಮಾಷೆ. ಏನಾದರೂ ಹೇಳಿದ ಮೇಲೆ ಕತ್ತು ತಿರುಗಿಸಿ, "ಬರ್ಕೊಂಡ್ಯಾ?" ಎನ್ನುತ್ತಿದ್ದರು.

ಯಾವ ಕೆಲಸವನ್ನೂ ಅವರು ಚೆನ್ನಾಗಿದೆ ಎಂದದ್ದು ನಾನು ಕೇಳಿಲ್ಲ. ಒಪ್ಪಿಗೆಯಾದರೆ "ನಿಲ್ಲುತ್ತೆ" ಎನ್ನುತ್ತಿದ್ದರು, ಇಲ್ಲವಾದರೆ ಒಂದು ಸಂಖ್ಯೆ ಹೇಳುತ್ತಿದ್ದರು. ಯಾರದೋ ಮನೆಗೆ ಹೋದಾಗ ಬಾಗಿಲ ಚೌಕಟ್ಟನ್ನು ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು, "ಎರಡು ಮಳೆಗಾಲ" ಎಂದು ಒಳಗೆ ಹೋಗಿಬಿಡುತ್ತಿದ್ದರು. ಹೀಗಾಗಿ ನಮ್ಮ ಕಡೆ ಗೃಹಪ್ರವೇಶ ಇಟ್ಟುಕೊಂಡವರು ಅವರನ್ನು ನೆಂಟರೆಲ್ಲ ಊಟ ಮುಗಿಸಿ ಹೋದ ಮೇಲೆ ಬರಲು ಹೇಳುತ್ತಿದ್ದರು. ನಮ್ಮ ಅಡುಗೆಮನೆಯ ಬಾಗಿಲು ಬೇರೆಯವರು ಮಾಡಿದ್ದು. ನಾನು ಪಿಯುಸಿಯಲ್ಲಿದ್ದಾಗ ಅವರು ಅದನ್ನು ತಟ್ಟಿ ಮೂರು ಎಂದಿದ್ದರು. ಮೂರನೇ ಮಳೆಗಾಲದ ಆಗಸ್ಟಿನಲ್ಲಿ ಅದು ಮುಚ್ಚಿಕೊಳ್ಳುವುದನ್ನು ನಿಲ್ಲಿಸಿತು. ಅಮ್ಮ ಅಂದಿನಿಂದ ಅವರ ಬಾಯಿಗೆ ಹೆದರುತ್ತಿದ್ದಳು.

ಭಾನುವಾರ ಸಂಜೆ ಐದಕ್ಕೆ ಆ ಸ್ಪರ್ಧೆ ಬರುತ್ತಿತ್ತು. ಅವರ ಮನೆಯಲ್ಲಿ ಆ ಹೊತ್ತಿಗೆ ಹೆಂಡತಿ, ಸೊಸೆಯಂದಿರ ಧಾರಾವಾಹಿ. ಜೂನ್ ಒಂದರಂದು, ಒಗೆದ ಬಿಳಿ ಶರ್ಟು ಹಾಕಿಕೊಂಡು, ಕಿವಿಯ ಮೇಲೆ ಪೆನ್ಸಿಲ್ ಹಾಗೇ ಬಿಟ್ಟುಕೊಂಡು, ಕೈಯಲ್ಲಿ ತಮ್ಮದೇ ಸ್ಟೂಲು ಹಿಡಿದು ಬಂದರು. ನಮ್ಮ ಸೋಫಾದ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ.

ಅವರ ಮೊದಲ ಷರತ್ತು ಸೌಂಡ್ ತೆಗೆಯಬೇಕು ಎಂಬುದು. ಟಿವಿಯಲ್ಲಿ ಉಳಿ ಎತ್ತಿದರೆ ಡೋಲು, ಸುತ್ತಿಗೆ ಇಳಿಸಿದರೆ ಸಿಡಿಲು, ಯಾರಾದರೂ ಅತ್ತರೆ ಪಿಟೀಲು. ಮರ ಕುಯ್ಯೋಕೆ ಓಲಗ ಯಾಕೆ, ಮದುವೆಯೇ ಎಂದು ಕೇಳಿದರು. ತೀರ್ಪುಗಾರರು ಮಾತಾಡುವಾಗ ಮಾತ್ರ ಸೌಂಡ್ ಹಾಕಲು ಒಪ್ಪಿದರು, ಅದೂ ನಗುವುದಕ್ಕೆ. ಎರಡನೇ ಷರತ್ತು, ಮುಖ ನೋಡಬಾರದು, ಕೈ ನೋಡಬೇಕು.

ಅವರ ಅಭಿಪ್ರಾಯಗಳಿಂದ ನನ್ನ ದಿನಚರಿಯ ಹಲವು ಪುಟ ತುಂಬಿವೆ. ನಾಲ್ಕು ಗಂಟೆಯಲ್ಲಿ ಕುರ್ಚಿ ಮಾಡು ಎಂದರೆ ಮಾಡಬಹುದು, ಕೂರು ಎನ್ನಬಾರದು. ಆ ಹಲಗೆ ಇನ್ನೂ ಹಸಿ ಇದೆ, ದೀಪಾವಳಿಗೆ ಬಾಯಿ ಬಿಡುತ್ತದೆ. ಪಾಲಿಶ್ ಹೊಳೆದಷ್ಟೂ ಕೆಳಗೆ ಏನೋ ಮುಚ್ಚಿದ್ದಾರೆ ಎಂದರ್ಥ. ಮೂವರು ತೀರ್ಪುಗಾರರಲ್ಲಿ ಒಬ್ಬರೂ ಮೇಜಿನ ಕೆಳಗೆ ಬಗ್ಗಿ ನೋಡುವುದಿಲ್ಲ ಎಂಬುದು ಅವರ ದೊಡ್ಡ ದೂರು. ನಾನು ಎಣಿಸಿದೆ. ಹನ್ನೆರಡು ವಾರದಲ್ಲಿ ತೀರ್ಪುಗಾರರು ಬಗ್ಗಿದ್ದು ಎರಡೇ ಸಲ, ಅದರಲ್ಲೊಂದು ಸಲ ಬಿದ್ದ ಪೆನ್ನು ಎತ್ತಿಕೊಳ್ಳಲು.

ಪ್ರತಿ ವಾರ ಒಬ್ಬರು ಹೊರಗೆ ಹೋಗುತ್ತಿದ್ದರು. ಶುರುವಾದ ಹತ್ತು ನಿಮಿಷದಲ್ಲಿ ಮೇಸ್ತ್ರಿ ಬೆರಳು ತೋರಿಸಿ, ಇವತ್ತು ಹಳದಿ ಶರ್ಟಿಂದು, ಇವತ್ತು ಆ ಕನ್ನಡಕದ್ದು ಎಂದುಬಿಡುತ್ತಿದ್ದರು. ಮೊದಲ ಏಳು ಸಲದಲ್ಲಿ ಆರು ಸರಿಯಾದವು. ಹೇಗೆ ಗೊತ್ತಾಗುತ್ತದೆ ಎಂದರೆ, ಭಯ ಇರುವವನು ಮರವನ್ನು ಎರಡೆರಡು ಸಲ ಮುಟ್ಟುತ್ತಾನೆ ಎಂದರು. ಅಮ್ಮ ಮಾತ್ರ ಅವರು ಬೆರಳೆತ್ತಿದಾಗಲೆಲ್ಲ ಎದ್ದು ಒಳಗೆ ಹೋಗುತ್ತಿದ್ದಳು. ತೋರಿಸಿದ ಬೆರಳಿಗೇ ಸ್ಪರ್ಧಿಗಳು ಹೊರಗೆ ಹೋಗುತ್ತಾರೇನೋ ಅನ್ನುವ ಹಾಗೆ.

ಒಬ್ಬನ ಕಡೆ ಅವರು ಬೆರಳು ತೋರಿಸುತ್ತಿರಲಿಲ್ಲ. ಎರಡನೇ ವಾರ ಟೀ ಲೋಟ ಕೆಳಗಿಟ್ಟು, "ಆ ನೀಲಿ ಏಪ್ರನ್ನು ನಮ್ಮ ಹುಡ್ಗ," ಎಂದರು. ಹುಡುಗನಲ್ಲ, ಮೂವತ್ತು ದಾಟಿದವನು. ಹೆಸರು ಲೋಕೇಶ. ಹಾಗಲವಾಡಿಯವನು, ಆರು ವರ್ಷ ಇವರ ಹತ್ತಿರ ಕೆಲಸ ಕಲಿತು, ಈಗ ಗುಬ್ಬಿಯಲ್ಲಿ ಸ್ವಂತ ವರ್ಕ್‌ಶಾಪು ಇಟ್ಟಿದ್ದ. ಮರ ಕುಯ್ಯುವ ಮಷೀನಿನ ಮುಂದೆ ಅವನು ನಿಲ್ಲುವ ರೀತಿ, ಕತ್ತು ಓಲಿಸುವ ರೀತಿ ಎಲ್ಲ ಮೇಸ್ತ್ರಿಯದೇ. ಐದನೇ ವಾರ ನಿರೂಪಕಿ ಗುರು ಯಾರು ಎಂದು ಕೇಳಿದಾಗ, ತುಮಕೂರಿನ ನಮ್ಮ ಮೇಸ್ತ್ರಿ ಎಂದ. ಆವತ್ತು ಇವರು ಹೋಗುವಾಗ ಸ್ಟೂಲು ಮರೆತು ಹೋದರು.

ಇಲ್ಲಿ ಅವರ ಕೆಲಸದ ಒಂದು ಪದ್ಧತಿ ಹೇಳಬೇಕು. ಮರ ಕುಯ್ಯುವ ಮಷೀನಿನಲ್ಲಿ ಮೇಜಿನ ನಡುವೆ ದುಂಡನೆಯ ಬ್ಲೇಡು ತಿರುಗುತ್ತದೆ. ಕೈ ತಾಗದಿರಲಿ ಎಂದು ಕಂಪನಿಯವರು ಅದರ ಮೇಲೆ ಒಂದು ಮುಚ್ಚಳ ಕೊಟ್ಟಿರುತ್ತಾರೆ. ಮೇಸ್ತ್ರಿಯ ವರ್ಕ್‌ಶಾಪಿನಲ್ಲಿ ಮಷೀನು ಬಂದ ದಿನವೇ ಆ ಮುಚ್ಚಳ ಬಿಚ್ಚಿ ಗೋಡೆಯ ಮೊಳೆಗೆ ನೇತುಹಾಕಿದ್ದರು. ಮುಚ್ಚಳ ಪಾತ್ರೆಗೆ, ಮಷೀನಿಗಲ್ಲ ಎಂಬುದು ಅವರ ಮಾತು. ಹಲಗೆ ತಳ್ಳುವಾಗ ಎಡಗೈ ಹೆಬ್ಬೆರಳು ಬ್ಲೇಡಿನ ಪಕ್ಕದಲ್ಲೇ, ಎರಡು ಬೆರಳಗಲ ದೂರದಲ್ಲಿ ಹೋಗಬೇಕು. ಮರದ ಒಳಗೆ ಗಂಟು ಸಿಕ್ಕರೆ ಹಲಗೆ ಮೊದಲು ಅಲ್ಲೇ ನಡುಗುತ್ತದೆ, ಆ ನಡುಕ ಹೆಬ್ಬೆರಳಿಗೆ ಗೊತ್ತಾಗಬೇಕು. ಅವರ ಹತ್ತಿರ ಕಲಿತವರೆಲ್ಲ ಹೀಗೇ ಕಲಿತರು. ಸ್ಪರ್ಧೆಯಲ್ಲಿ ಮುಚ್ಚಳ ಕಡ್ಡಾಯ. ಆದರೂ ಆರನೇ ವಾರ ಲೋಕೇಶ ಯಾರೂ ನೋಡದಾಗ ಅದನ್ನು ಹಿಂದಕ್ಕೆ ಎತ್ತಿ ಕುಯ್ದದ್ದು ಎರಡು ಸೆಕೆಂಡು ಕಾಣಿಸಿತು. ಮೇಸ್ತ್ರಿ ಕಳ್ಳನ ಹಾಗೆ ನಕ್ಕರು.

ಎಂಟನೇ ವಾರ, ಜುಲೈ ಇಪ್ಪತ್ತರಂದು, ತೀರ್ಪುಗಾರರ ಮಾತು ಮುಗಿದ ಮೇಲೆ ಸೌಂಡ್ ತೆಗೆಯಲು ನಾನು ಮರೆತೆ. ಸಂಗೀತ ಇರಲಿಲ್ಲ. ಲೋಕೇಶ ದಪ್ಪನೆಯ ಹಲಗೆಯೊಂದನ್ನು ಮಷೀನಿಗೆ ಕೊಡುತ್ತಿದ್ದ. ಹಲಗೆ ನಡುವೆ ಒಮ್ಮೆ ಕಚ್ಚಿಕೊಂಡಿತು, ಅವನು ಒತ್ತಿದ, ಮುಂದಕ್ಕೆ ಹೋಯಿತು. ನನಗೆ ಅದರಲ್ಲಿ ಏನೂ ಕಾಣಲಿಲ್ಲ. ಮೇಸ್ತ್ರಿ ಮಾತ್ರ ಸ್ಟೂಲಿನಿಂದ ಎದ್ದು ನಿಂತಿದ್ದರು.

ಕಾರ್ಯಕ್ರಮ ಮುಗಿದ ಮೇಲೆ ಅದೇ ಜಾಗವನ್ನು ನನ್ನ ಮೊಬೈಲಿನಲ್ಲಿ ಮೂರು ಸಲ ಹಾಕಿಸಿ ಕಿವಿಗೆ ಹಿಡಿದು ಕೇಳಿದರು. ಆಮೇಲೆ ನನ್ನನ್ನು ವರ್ಕ್‌ಶಾಪಿಗೆ ಕರೆದುಕೊಂಡು ಹೋಗಿ ತಮ್ಮ ಹಳೇ ಮಷೀನು ಚಾಲೂ ಮಾಡಿದರು. ಮೋಟಾರಿನಿಂದ ಬ್ಲೇಡಿಗೆ ಒಂದು ಬೆಲ್ಟು. ಅದು ಸಡಿಲವಾಗಿ ತೂಗುತ್ತಿತ್ತು. ಬಿಗಿ ಮಾಡಿದರೆ ಮೋಟಾರು ಬಿಸಿಯಾಗುತ್ತದೆ ಎಂದು ಅವರು ಅದನ್ನು ಎಂದೂ ಬಿಗಿ ಮಾಡಿರಲಿಲ್ಲ. ಗಂಟಿರುವ ಹಲಗೆಯೊಂದನ್ನು ತಳ್ಳಿದರು. ಹಲಗೆ ಕಚ್ಚಿಕೊಂಡದ್ದೇ ಮಷೀನಿನ ದನಿ ಇಳಿಯಿತು, ರಬ್ಬರು ಸುಟ್ಟ ವಾಸನೆ ಬಂತು, ಬ್ಲೇಡು ತೆವಳಿ ನಿಂತಿತು. ಅವರು ನಿಧಾನವಾಗಿ ಕೈ ಹಿಂದಕ್ಕೆ ತೆಗೆದುಕೊಂಡರು.

"ಕೇಳಿಸ್ತಾ? ಉಸಿರು ಬಿಡ್ತು. ಟಿವೀಲಿರೋದು ಬಿಡ್ಲಿಲ್ಲ."

ಹೊಸ ಮಷೀನುಗಳಲ್ಲಿ ಮೋಟಾರು ನೇರ ಬ್ಲೇಡಿಗೇ ಕೂತಿರುತ್ತದೆ, ಜಾರಲು ಬೆಲ್ಟು ಇಲ್ಲ. ಮರ ಕಚ್ಚಿದರೆ ನಿಲ್ಲುವುದಿಲ್ಲ, ಹಲಗೆಯನ್ನೂ ಹಿಡಿದ ಕೈಯನ್ನೂ ಎಳೆದುಕೊಳ್ಳುತ್ತದೆ. ಇದನ್ನು ವಿವರಿಸುವಾಗ ಅವರು ನನ್ನ ಕಡೆ ನೋಡಲಿಲ್ಲ.

"ನಲವತ್ತು ವರ್ಷ ನನ್ ಕೈಚಳಕ ಅಂತ ತಿಳ್ಕೊಂಡಿದ್ದೆ ಕಣಮ್ಮಾ. ಈ ದರಿದ್ರ ಬೆಲ್ಟು ಸಡ್ಲ ಇತ್ತು, ಅಷ್ಟೇಯ."

ಅವತ್ತು ಬರ್ಕೊಂಡ್ಯಾ ಎಂದು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ನಮ್ಮ ಜಗಲಿಯಲ್ಲಿ ಕೂತು ಲೋಕೇಶನಿಗೆ ಫೋನ್ ಮಾಡಿಸಿದರು. ಎತ್ತಿದ್ದು ಅವನ ಹೆಂಡತಿ. ಶೂಟಿಂಗ್ ಎಲ್ಲ ಮುಗಿದು ಎರಡು ವಾರವಾಯಿತು, ಟಿವಿಯವರು ನಿಧಾನಕ್ಕೆ ಹಾಕುತ್ತಿದ್ದಾರೆ, ಯಜಮಾನರು ಮನೆಯಲ್ಲೇ ಇದ್ದಾರೆ, ಮಲಗಿದ್ದಾರೆ ಎಂದಳು. ಬೆಳಿಗ್ಗೆ ಹತ್ತೂವರೆ. ಮೇಸ್ತ್ರಿ ಫೋನಿನ ಮೇಲೆ ಬಗ್ಗಿದರು.

"ಗೆದ್ನೋ ಸೋತ್ನೋ ಬ್ಯಾಡ ಕಣವ್ವಾ. ಕೈ ಹೆಂಗೈತೆ, ಅಷ್ಟು ಹೇಳ್ಬುಡು."

ಆ ಕಡೆ ಕೂಗುತ್ತಿದ್ದ ಕುಕ್ಕರಿನ ಸದ್ದು ನಿಂತಿತು.

"ಏನೂ ಹೇಳಂಗಿಲ್ಲ ಮೇಸ್ತ್ರಿ. ಸೈನ್ ಹಾಕ್ಸ್ಕೊಂಡವ್ರೆ. ಟಿವೀಲೇ ನೋಡಿ."

ಗುಬ್ಬಿ ನಮ್ಮಲ್ಲಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಸ್ಕೂಟರಿನಲ್ಲಿ ನಾನೇ ಕರೆದುಕೊಂಡು ಹೋಗುತ್ತೇನೆ ಎಂದೆ. ಮೇಸ್ತ್ರಿ ಬೇಡವೆಂದರು. ಎರಡು ದಿನ ಬಿಟ್ಟು ಮತ್ತೆ ಕೇಳಿದೆ. "ಹೋದ್ರೆ ಗೊತ್ತಾಗ್ಬುಡುತ್ತೆ," ಎಂದರು. ಊರಿನ ಬಾಗಿಲುಗಳಿಗೆಲ್ಲ ಆಯುಷ್ಯ ಹೇಳಿದ ಮನುಷ್ಯ ಮುಕ್ಕಾಲು ಗಂಟೆ ದೂರದಲ್ಲಿರುವ ಕೈಯೊಂದನ್ನು ನೋಡಲು ನಾಲ್ಕು ವಾರ ಹೆದರಿದರು. ಆಗಿಹೋದದ್ದನ್ನು ಇನ್ನೂ ಆಗಬೇಕಾದದ್ದು ಎನ್ನುವ ಹಾಗೆ ಭಾನುವಾರ ಭಾನುವಾರ ಬಂದು ಕಾದರು.

ಒಂಬತ್ತು, ಹತ್ತು, ಹನ್ನೊಂದನೇ ವಾರ ಯಾರ ಕಡೆಗೂ ಬೆರಳು ತೋರಿಸಲಿಲ್ಲ. ಸೌಂಡ್ ತೆಗೆಯಲೂ ಬಿಡಲಿಲ್ಲ. ಲೋಕೇಶ ಮಷೀನಿನ ಹತ್ತಿರ ಹೋದಾಗಲೆಲ್ಲ ಅವರ ಎಡಗೈ ಮೊಣಕಾಲಿನ ಮೇಲೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಅವನು ಉಳಿದುಕೊಂಡ ಎಂದು ಗೊತ್ತಾದ ಮೇಲೆ ಎದ್ದು, ಟೀ ಮುಟ್ಟದೆ, ನಮಾಜಿಗೆ ಹೋಗುತ್ತಿದ್ದರು. ಹತ್ತನೇ ವಾರ ಅಮ್ಮ ತಡೆಯಲಾರದೆ, ಇನ್ನು ನೋಡಬೇಡಿ ಮೇಸ್ತ್ರಿ, ನಿಮ್ಮ ಬಿಪಿ ಏರುತ್ತದೆ ಎಂದಳು. ಅವರು ನನ್ನ ಕಡೆ ತಿರುಗಿ, ನಿಮ್ಮ ಡಾಕ್ಟ್ರಮ್ಮ ಇಲ್ಲೇ ಇದ್ದಾಳಲ್ಲ ಅಕ್ಕಾ ಎಂದರು. ಅವರ ಕೊನೆಯ ತಮಾಷೆ ಅದೇ.

ಹನ್ನೆರಡನೇ ವಾರ, ಆಗಸ್ಟ್ ಹದಿನೇಳು. ಐದು ಜನ ಉಳಿದಿದ್ದರು. ಎಲ್ಲರಿಗೂ ಹಲಸಿನ ಮರ ಕೊಟ್ಟು ತೊಟ್ಟಿಲು ಮಾಡಲು ಹೇಳಿದರು. ಲೋಕೇಶ ತನ್ನ ಹಲಗೆಯನ್ನು ಆರಿಸಿ ಭುಜದ ಮೇಲೆ ಇಟ್ಟುಕೊಂಡಾಗ ಕ್ಯಾಮೆರಾ ಹತ್ತಿರ ಹೋಯಿತು. ಮೇಸ್ತ್ರಿ "ಗಂಟು" ಎಂದರು. ನಾನು ನೋಡುವಷ್ಟರಲ್ಲಿ ಹಲಗೆ ತಿರುಗಿತ್ತು. ಅವನು ಮಷೀನಿನ ಮುಂದೆ ನಿಂತ, ಸ್ವಿಚ್ ಹಾಕಿದ, ಜಾಹೀರಾತು ಬಂತು.

ಜಾಹೀರಾತು ಮುಗಿದ ಮೇಲೆ ಬೇರೆಯವರ ತೊಟ್ಟಿಲುಗಳು ಬಂದವು. ಒಬ್ಬಾಕೆ ತೊಟ್ಟಿಲಿಗೆ ಗಿಣಿ ಕೆತ್ತಿದ್ದಳು. ಸಂಗೀತ ಜೋರಾಯಿತು. ಕೊನೆಗೆ ತೀರ್ಪಿಗೆ ಸಾಲಾಗಿ ನಿಂತದ್ದು ನಾಲ್ಕೇ ಜನ. ನಿರೂಪಕಿ ನಗುತ್ತಲೇ, ಆರೋಗ್ಯದ ಕಾರಣದಿಂದ ಲೋಕೇಶ್ ಸ್ಪರ್ಧೆಯಿಂದ ಹಿಂದೆ ಸರಿದಿದ್ದಾರೆ ಎಂದಳು. ಅಷ್ಟೇ. ಗಿಣಿಯ ತೊಟ್ಟಿಲಿಗೆ ಚಪ್ಪಾಳೆ ಬಿತ್ತು.

ಸೋಮವಾರ ನಾನು ರಜೆ ಹಾಕಿದೆ. ಗುಬ್ಬಿಯ ಮನೆಯಲ್ಲಿ ಲೋಕೇಶ ಎದ್ದು ಬಂದು, ಬಲಗೈಯಿಂದ ಕುರ್ಚಿ ಎಳೆದು ಹಾಕಿದ. ಎಡಗೈಯಲ್ಲಿ ಹೆಬ್ಬೆರಳಿಲ್ಲ, ತೋರುಬೆರಳು ಅರ್ಧ. ಗಾಯ ಮಾಗಿ ಎಳೆಗೆಂಪಾಗಿತ್ತು. ಮೇಸ್ತ್ರಿ ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ತೆಗೆದುಕೊಂಡು, ಬೆಳಕಿಗೆ ತಿರುಗಿಸಿ ನೋಡಿದರು. ನೋವಿದೆಯೇ ಎಂದು ಕೇಳಿದರು.

"ಇರೋದು ನೋಯಲ್ಲ ಮೇಸ್ತ್ರಿ. ಇಲ್ದಿರೋ ಬೆರಳು ಉರಿಯುತ್ತೆ."

ಮುಚ್ಚಳ ಎತ್ತಲು ಯಾರು ಕಲಿಸಿದರು ಎಂದು ಶೂಟಿಂಗಿನಲ್ಲಿ ಟಿವಿಯವರು ಕೇಳಿದರಂತೆ. ನಾನೇ ಕಲಿತದ್ದು ಎಂದನಂತೆ. ಇದನ್ನು ಅವನು ಕತ್ತು ತಗ್ಗಿಸಿ, ತಾನೇ ಏನೋ ತಪ್ಪು ಮಾಡಿದವನ ಹಾಗೆ ಹೇಳಿದ. ಆಗ ಮೇಸ್ತ್ರಿ ಬೆಲ್ಟಿನ ವಿಷಯ ಹೇಳಿದರು. ಮೊದಲಿನಿಂದ ಕೊನೆಯವರೆಗೆ, ಏನನ್ನೂ ಬಿಡದೆ. ಹೆಂಡತಿ ಒಳಬಾಗಿಲಲ್ಲಿ ನಿಂತು ಕೇಳಿಸಿಕೊಂಡು ಒಳಗೆ ಹೋದಳು. ಕಾಫಿ ಬರಲಿಲ್ಲ. ಲೋಕೇಶ ಒಂದೇ ಮಾತು ಕೇಳಿದ.

"ಮಿಕ್ಕೋರಿಗೆ ಹೇಳಿದ್ರಾ?"

ಅಲ್ಲೇ ಕೂತು ಪಟ್ಟಿ ಮಾಡಿದೆವು. ಅವನು ಹೆಸರು ಹೇಳಿದ, ನಾನು ಬರೆದೆ. ಲೋಕೇಶನನ್ನು ಬಿಟ್ಟು ಹದಿನಾರು ಜನ. ಗುಬ್ಬಿ, ಗೂಳೂರು, ಹೆಬ್ಬೂರು, ಕುಣಿಗಲ್. ಎಲ್ಲರ ಹತ್ತಿರವೂ ಈಗ ಹೊಸ ಮಷೀನು.

ಆಮೇಲಿನ ಭಾನುವಾರಗಳು ಈ ಪಟ್ಟಿಗೆ ಹೋದವು. ಮೇಸ್ತ್ರಿ ತಮ್ಮ ಮಷೀನಿನ ಬೆಲ್ಟು ಬಿಚ್ಚಿ ಬಟ್ಟೆಯ ಚೀಲದಲ್ಲಿ ಹಾಕಿಕೊಂಡು ನನ್ನ ಸ್ಕೂಟರಿನ ಹಿಂದೆ ಕೂರುತ್ತಿದ್ದರು. ಹೋದಲ್ಲೆಲ್ಲ ಅದನ್ನು ತೆಗೆದು, ಕೈಯಲ್ಲಿ ಜಗ್ಗಿ ತೋರಿಸಿ, ನಾನು ಕಲಿಸಿದ್ದು ತಪ್ಪು, ಇದು ನನ್ನನ್ನು ಉಳಿಸಿತು, ನಿಮ್ಮ ಮಷೀನಿನಲ್ಲಿ ಇದು ಇಲ್ಲ, ಮುಚ್ಚಳ ಹಾಕಿ ಎನ್ನುತ್ತಿದ್ದರು. ಎಲ್ಲರೂ ಕೆಲಸ ನಿಲ್ಲಿಸಿ ಕೈಕಟ್ಟಿ ಕೇಳುತ್ತಿದ್ದರು. ಧೂಳು ಹಿಡಿದ ಮುಚ್ಚಳವನ್ನು ಹುಡುಕಿ ತಂದು ಅವರೆದುರಿಗೇ ಹಾಕುತ್ತಿದ್ದರು. ಬಾಳೆಹಣ್ಣು, ಕಾಫಿ, ಎಳನೀರು ಕೊಡುತ್ತಿದ್ದರು. ಹೆಬ್ಬೂರಿನವನು ಮಾತ್ರ ಮುಚ್ಚಳ ಹಾಕುತ್ತಲೇ ಎದುರಾಡಿದ.

"ನೀವೇ ಹಾಕ್ಕೊಟ್ಟ ಕೈನ ನೀವೇ ಬುಡು ಅಂದ್ರೆ ಹೆಂಗೆ ಮೇಸ್ತ್ರಿ? ವಯಸ್ಸಾಯ್ತು, ಭಯ ಹತ್ಕೊಂಡೈತೆ ನಿಮ್ಗೆ."

ಗೂಳೂರಿಗೆ ಹೋದದ್ದು ಆಯುಧಪೂಜೆಗೆ ಮೂರು ದಿನ ಮೊದಲು. ಅಲ್ಲಿನವನು ಬೆಲ್ಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡ. ಗುರುಗಳ ಮಷೀನಿನದು, ಪೂಜೆಗೆ ಒಂದು ತುಂಡು ಕೊಡಿ ಎಂದು ಕೇಳಿದ. ಮೇಸ್ತ್ರಿ ಅವನ ಕೈಯಿಂದ ಅದನ್ನು ಕಿತ್ತುಕೊಂಡರು. ನಮ್ಮ ಓಣಿಯಲ್ಲಿ ಇಳಿದ ಮೇಲೆ, ಇವರು ನನಗೆ ಬೈದಿದ್ದರೆ ನೆನಪಿಟ್ಟುಕೊಳ್ಳುತ್ತಿದ್ದರು, ನಮಸ್ಕಾರ ಮಾಡಿ ಮರೆಯುತ್ತಾರೆ ಎಂದರು.

ಡಿಸೆಂಬರಿನ ಕೊನೆಗೆ ಹದಿಮೂರು ಜನರ ಭೇಟಿ ಮುಗಿದಿತ್ತು. ಹದಿಮೂರೂ ಜನ ನಮ್ಮೆದುರಿಗೆ ಮುಚ್ಚಳ ಹಾಕಿದ್ದರು. ಐದು ಜನರ ಹತ್ತಿರ ನಾನು ಹೇಳದೆ ಕೇಳದೆ ಇನ್ನೊಮ್ಮೆ ಹೋಗಿ ನೋಡಿದೆ. ನಾಲ್ಕು ಕಡೆ ಅದು ಮತ್ತೆ ಗೋಡೆಯಲ್ಲಿತ್ತು. ಐದನೆಯವನು ಮಷೀನು ಮಾರಿದ್ದ. ಇದನ್ನು ಮೇಸ್ತ್ರಿಗೆ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ ಎಂದು ಈಗ ಅನ್ನಿಸುತ್ತದೆ. ಕೊನೆಕೊನೆಗೆ ಅವರು ಯಾರ ಮುಖವನ್ನೂ ನೋಡದೆ, ಅವರ ಕೈಯನ್ನಷ್ಟೇ ನೋಡುತ್ತ ಮಾತಾಡುತ್ತಿದ್ದರು. ಬರುವಾಗ ಯಾರ ಬಾಗಿಲನ್ನೂ ತಟ್ಟುತ್ತಿರಲಿಲ್ಲ.

ಉಳಿದ ಮೂವರನ್ನು ಅವರು ಹೋದ ಮೇಲೆ ನಾನೊಬ್ಬಳೇ ನೋಡಿ ಬಂದೆ. ಇಬ್ಬರು ತಲೆಯಾಡಿಸಿದರು. ಕೊನೆಯವನು ಕುಣಿಗಲ್ಲಿನವನು. ಜನವರಿ ಇಪ್ಪತ್ತೈದು, ಭಾನುವಾರ, ಬೆಳಿಗ್ಗೆ ಹನ್ನೊಂದು. ಮೇಸ್ತ್ರಿ ಹೋದ ಸುದ್ದಿ ಅವನಿಗೆ ತಲುಪಿರಲಿಲ್ಲ. ಹೇಳಿದ ಕೂಡಲೇ ಮುಚ್ಚಳವಿಲ್ಲದ ಮಷೀನು ನಿಲ್ಲಿಸಿದ, ತಲೆಗೆ ಕಟ್ಟಿದ ಟವೆಲ್ಲು ಬಿಚ್ಚಿದ, ಮರದ ಹೊಟ್ಟಿನ ಮೇಲೆ ಕೂತುಬಿಟ್ಟ. ಅತ್ತ. ನಾನು ಅಳು ನಿಲ್ಲುವವರೆಗೆ ಕಾದು, ಲೋಕೇಶನ ಕೈ, ಬೆಲ್ಟು, ಮೇಸ್ತ್ರಿ ಹೇಳಿದ ಅಷ್ಟೂ ಮಾತು, ಅವರು ಹೇಳುತ್ತಿದ್ದ ಕ್ರಮದಲ್ಲೇ ಹೇಳಿದೆ. ಅವನು ಅಡ್ಡ ಮಾತಾಡದೆ ಕೇಳಿಸಿಕೊಂಡ. ಲೋಕೇಶನದು ಅವಸರದ ಕೈ, ಮೊದಲಿನಿಂದಲೂ ಹಾಗೇ ಎಂದ. ಆಮೇಲೆ ಕಣ್ಣೊರೆಸಿಕೊಂಡು ಎದ್ದ.

"ಒಂದು ಹೇಳಿ ಮೇಡಂ. ಮೇಸ್ತ್ರಿ ಹೋಗುವಾಗ ಹತ್ತೂ ಬೆರಳು ಇದ್ವಾ?"

ಸುಳ್ಳು ಹೇಳಬಹುದಿತ್ತು. ನನಗೆ ಅದು ಹೊಳೆದದ್ದು ವಾಪಸು ಬರುವಾಗ, ಹೆಬ್ಬೂರು ದಾಟಿದ ಮೇಲೆ.

"ಇದ್ವು," ಎಂದೆ.

"ಮತ್ತೆ?" ಎಂದು ಅವನು, ಅರ್ಧ ಕುಯ್ದು ನಿಲ್ಲಿಸಿದ್ದ ಹಲಗೆಯ ಮೇಲೆ ಎಡಗೈ ಇಟ್ಟು ಸ್ವಿಚ್ ಒತ್ತಿದ.